ಎಲ್‌ಇಡಿ ಹಾಕಿಸೋಕೆ ಮುಂಚೆ ಹೆಡ್‌ಲೈಟ್ ತೊಳೀರಿ

ಕುರೆಕುಪ್ಪದಿಂದ ತೋರಣಗಲ್ಲು ಕಡೆ ನೈಟ್ ಶಿಫ್ಟಿಗೆ ಬೈಕಿನಲ್ಲಿ ಹೋಗುವವರನ್ನು ಒಮ್ಮೆ ಕೇಳಿ ನೋಡಿ, ದಾರಿಯಲ್ಲಿ ಯಾವುದಕ್ಕೆ ಹೆದರಿಕೆ ಅಂತ. ನಾವು ಕೇಳಿದವರಲ್ಲಿ ಹೆಚ್ಚಿನವರು ಗುಂಡಿ ಅನ್ನಲಿಲ್ಲ, ನಾಯಿ ಅನ್ನಲಿಲ್ಲ. ಎದುರಿಗೆ ಬರುವ ಬಿಳಿ ಲೈಟು ಅಂದರು. ಅದು ಕಣ್ಣಿಗೆ ಹೊಡೆದ ಮೇಲೆ ಮೂರ್ನಾಲ್ಕು ಸೆಕೆಂಡು ರಸ್ತೆಯೇ ಕಾಣುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಮೂರು ಸೆಕೆಂಡಿನಲ್ಲಿ ಗಾಡಿ 40 ಮೀಟರ್ ದಾಟಿರುತ್ತದೆ. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ.

ಲಾರಿಯವರನ್ನು ಬೈದು ಬರಹ ಮುಗಿಸಬಹುದಿತ್ತು. ಆದರೆ ಆ ಬಿಳಿ ಲೈಟು ನಮ್ಮಲ್ಲೂ ಒಂದಿತ್ತು.

ನಮ್ಮ ಗುಂಪಿನ ಒಬ್ಬನ ಮನೆಯಲ್ಲಿ ಹಳೆಯ ಕಾರಿದೆ. ರಾತ್ರಿ ಅದರ ಬೆಳಕು ಸಾಲುತ್ತಿರಲಿಲ್ಲ. ಅಂಗಡಿಯವರು ಎಲ್‌ಇಡಿ ಬಲ್ಬ್ ಕೊಟ್ಟರು, ಐದು ನಿಮಿಷದಲ್ಲಿ ಹಾಕಿಯೂ ಕೊಟ್ಟರು. ಒಂದು ವಾರ ನಾವೆಲ್ಲ ಅದನ್ನು ಹೊಗಳಿದ್ದೇ ಹೊಗಳಿದ್ದು. ಒಂದು ರಾತ್ರಿ ಸಂಡೂರಿನಿಂದ ಬರುವಾಗ ಎದುರಿಗೆ ಬಂದ ಟ್ರ್ಯಾಕ್ಟರ್ ನಿಂತೇಬಿಟ್ಟಿತು. ಓಡಿಸುತ್ತಿದ್ದ ಹಿರಿಯರು ಇಳಿದು ಬಂದು, "ಡಿಪ್ ಮಾಡಾಕ ಬರಾಂಗಿಲ್ಲೇನೋ ತಮ್ಮಾ?" ಅಂದರು.

"ಮಾಮಾ, ಡಿಪ್‌ನಲ್ಲೇ ಐತೆ."

"ಹೌದಾ? ಬಾ ಇಲ್ಲಿ, ನನ್ನ ಸೀಟಿನ ಮ್ಯಾಗ ಕುಂತು ನೋಡು."

ನಮ್ಮವನು ಹತ್ತಿ ಕುಳಿತು ತನ್ನದೇ ಕಾರಿನ ಲೈಟನ್ನು ನೋಡಿದ. ಏನೂ ಮಾತಾಡದೆ ಇಳಿದು ಬಂದ. ಮಾರನೇ ದಿನ ಆ ಬಲ್ಬ್ ಬಿಚ್ಚಿದೆವು. ಆಮೇಲೆ ಹಗಲಿನಲ್ಲಿ ಸರಿಯಾಗಿ ನೋಡಿದಾಗ ಗೊತ್ತಾಯಿತು, ಹಳೆಯ ಬಲ್ಬಿನಲ್ಲಿ ದೋಷವೇ ಇರಲಿಲ್ಲ. ಮುಂದಿನ ಪ್ಲಾಸ್ಟಿಕ್ ಹಳೇ ಬೀಡಿ ಕಟ್ಟಿನ ಬಣ್ಣಕ್ಕೆ ತಿರುಗಿತ್ತು.

ಹಳೆಯ ಅಂಬಾಸಿಡರ್, ಹಳೆಯ ಬುಲೆಟ್‌ಗಳಿಗೆ ಗಾಜಿನ ಹೆಡ್‌ಲೈಟ್ ಇತ್ತು. ಕಲ್ಲು ಬಿದ್ದರೆ ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಬೇಗ ಒಡೆಯಲ್ಲ, ಬೇಕಾದ ಆಕಾರಕ್ಕೆ ಬರುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಂಪನಿಯವರು ಮೇಲೆ ತೆಳುವಾದ ರಕ್ಷಣೆಯ ಲೇಪ ಹಚ್ಚಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಆ ಲೇಪ ಸವೆದರೆ ಒಳಗಿನ ಪ್ಲಾಸ್ಟಿಕ್ ಮಂಜಾಗುತ್ತದೆ, ಹಳದಿಯಾಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲು ಎಂಥದ್ದು ಅಂತ ನಿಮಗೆ ನಾವು ಹೇಳಬೇಕಿಲ್ಲ.

ನಮ್ಮ ಕಡೆ ಬಿಸಿಲಿನ ಜೊತೆಗೆ ಕೆಂಪು ಧೂಳೂ ಇದೆ. ಅದಿರಿನ ಧೂಳು ಮೆತ್ತಗಿನ ಮಣ್ಣಲ್ಲ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಹೆಡ್‌ಲೈಟ್ ಒರೆಸುತ್ತೀವಲ್ಲ, ಅದು ಒರೆಸಿದ್ದಲ್ಲ, ದಿನಾ ಕೆರೆದದ್ದು. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಬಟ್ಟೆ ಮುಟ್ಟಿಸಿ. ಇದೊಂದಕ್ಕೆ ಕಾಸೂ ಖರ್ಚಿಲ್ಲ.

ಈಗಾಗಲೇ ಹಳದಿಯಾಗಿದ್ದರೆ ಮನೆಯಲ್ಲೇ ಸರಿ ಮಾಡಬಹುದು. ನಾವು ಒಂದು ಭಾನುವಾರ ಮಾಡಿದೆವು. ಹೆಡ್‌ಲೈಟ್ ಚೆನ್ನಾಗಿ ತೊಳೆದು, ಸುತ್ತಲಿನ ಪೇಂಟಿಗೆ ತಾಗದಂತೆ ಟೇಪ್ ಅಂಟಿಸಿದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ತಂದು ಮೊದಲು 1000 ನಂಬರಿನದು, ಆಮೇಲೆ 1500, ಕೊನೆಗೆ 2000 ಹಿಡಿದು ಉಜ್ಜಿದೆವು. ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು. ಉಜ್ಜುವಾಗ ನೀರು ಬೀಳುತ್ತಲೇ ಇರಬೇಕು. ಮೊದಮೊದಲು ಹಳದಿ ಹಾಲಿನಂಥ ನೀರು ಇಳಿಯುತ್ತದೆ, ಕೆಟ್ಟ ಪದರ ಬರುತ್ತಿದೆ ಅಂತ ಅರ್ಥ. ನೀರು ಬಿಳಿಯಾಗುವವರೆಗೆ ಅದೇ ನಂಬರಿನಲ್ಲಿ ಉಜ್ಜಿ. ಈ ಹಂತದಲ್ಲಿ ಲೈಟು ಮೊದಲಿಗಿಂತ ಮಂಜಾಗಿ ಕಾಣುತ್ತದೆ. ನಮ್ಮವನ ಅಮ್ಮ ನೋಡಿ, "ಇದ್ದದ್ದೂ ಹಾಳು ಮಾಡಿದ್ರಿ" ಅಂತ ಬೈದರು. ಹೆದರಬೇಡಿ. ಪೇಂಟ್ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತಗಿನ ಬಟ್ಟೆಯಿಂದ ಉಜ್ಜಿದರೆ ಮಂಜು ಬಿಡುತ್ತದೆ.

ಎಲ್ಲರೂ ಬಿಡುವ ಹಂತ ಇದರ ಮುಂದಿನದು. ಹಳೆಯ ಲೇಪವನ್ನೂ ಉಜ್ಜಿ ತೆಗೆದಿದ್ದೀವಿ, ಈಗ ಪ್ಲಾಸ್ಟಿಕ್ ಬರೀ ಮೈಯಲ್ಲಿದೆ. ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಮೊಬೈಲಿನಲ್ಲಿ ಓಡಾಡುವ ಟೂತ್‌ಪೇಸ್ಟ್ ವಿಡಿಯೋ ಸುಳ್ಳಲ್ಲ, ಪೇಸ್ಟ್ ಕೂಡ ಸ್ವಲ್ಪ ಉಜ್ಜುತ್ತದೆ. ಆದರೆ ಲೇಪ ಹಚ್ಚುವ ಮಾತು ಅಲ್ಲಿಲ್ಲ. ಅಡುಗೆ ಎಣ್ಣೆ ಹಚ್ಚಿದರೆ ಫೋಟೋಗೆ ಮಾತ್ರ ಹೊಳಪು, ಮೇಲೆ ಧೂಳು ಬೇರೆ ಅಂಟುತ್ತದೆ. ಥಿನ್ನರ್ ಮಾತ್ರ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಹಳದಿ ಒಳಗಡೆ ಇದ್ದರೆ ಅಥವಾ ಒಳಗಿನ ಕನ್ನಡಿಯಂಥ ರಿಫ್ಲೆಕ್ಟರ್ ಸುಲಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಡೂಮ್ ಬದಲಿಸಬೇಕು.

ಇನ್ನೊಂದು ಕಳ್ಳ ಇರುವುದು ವೈರಿನಲ್ಲಿ. ಅರ್ಥಿಂಗ್ ವೈರಿನ ತುದಿ ತುಕ್ಕು ಹಿಡಿದರೆ ಬಲ್ಬಿಗೆ ಕರೆಂಟ್ ಪೂರ್ತಿ ಬರುವುದಿಲ್ಲ. ಮಾಮೂಲಿ ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಬೀಳುತ್ತದೆ. ಬಲ್ಬ್ ಬದಲಿಸುವ ಮುಂಚೆ ಆ ತುದಿಯನ್ನು ಕೆರೆದು ಬಿಗಿ ಮಾಡಿಸಿ. ಕಾರಿಗೆ ಬರುವ ಮಾಮೂಲಿ ಬಲ್ಬ್ 60/55 ವಾಟ್. ಅದರ ಜಾಗಕ್ಕೆ 100 ವಾಟ್‌ನದು ಹಾಕಿದರೆ 5 ಆಂಪಿಯರ್ ಹರಿಯುವ ವೈರಿನಲ್ಲಿ 8ಕ್ಕೂ ಹೆಚ್ಚು ಹರಿಯುತ್ತದೆ. ಹೋಲ್ಡರ್ ಕರಗಿದ ಗಾಡಿಗಳನ್ನು ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ತೋರಿಸುತ್ತಾನೆ.

ಹಾಗಾದರೆ ಎಲ್‌ಇಡಿ ಕೆಟ್ಟದ್ದಾ? ಅಲ್ಲ. ಕಂಪನಿಯಿಂದಲೇ ಎಲ್‌ಇಡಿ ಬಂದ ಗಾಡಿಯಲ್ಲಿ ಅದಕ್ಕೆ ತಕ್ಕ ರಿಫ್ಲೆಕ್ಟರ್, ಲೆನ್ಸ್ ಇರುತ್ತದೆ. ತೊಂದರೆ ಬರುವುದು ಹ್ಯಾಲೊಜನ್ ಡೂಮಿನೊಳಗೆ ಅದನ್ನು ತುರುಕಿದಾಗ. ಮಾಮೂಲಿ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ, ಒಳಗೆ ಎರಡು ತಂತಿ. ಡಿಪ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಇದೆ. ಬೆಳಕು ಮೇಲಕ್ಕೆ ಹಾರಿ ಎದುರಿನವರ ಕಣ್ಣಿಗೆ ಬೀಳದಂತೆ ತಡೆಯುವುದು ಆ ಬಟ್ಟಲೇ. ಡೂಮಿನ ಒಂದೊಂದು ತಿರುವೂ ಆ ತಂತಿ ಇರುವ ಜಾಗದ ಲೆಕ್ಕದಲ್ಲೇ ಆಗಿದೆ. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗವೇ ಬೇರೆ. ಹಾಗಾಗಿ ಡಿಪ್ ಮಾಡಿದರೂ ಚೆಲ್ಲಾಪಿಲ್ಲಿ. ಹಳದಿ ಡೂಮ್ ಅದನ್ನು ಇನ್ನಷ್ಟು ಚದುರಿಸುತ್ತದೆ. ಓಡಿಸುವವನಿಗೆ ಮಾತ್ರ ಗಾಡಿಯ ಮುಂದೆ ಫಳಫಳ ಕಾಣುವುದರಿಂದ ಖುಷಿ.

ಕಾನೂನು ಇಲ್ಲ ಅಂತೇನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದಕ್ಕೇ ಇದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನೂ ಮಾಡಿದರು. ಅದು ಸರಿಯಾದ ಕೆಲಸವೇ. ನಮ್ಮ ತಕರಾರು ಬೇರೆ. ದಂಡ ಕಟ್ಟುವವನು ಕೂಲಿಗೆ ಹೋಗುವ ಬೈಕಿನವನು. ಬಲ್ಬ್ ಮಾರಿದ ಅಂಗಡಿಯಲ್ಲಿ ಮಾರನೇ ದಿನವೂ ಅದೇ ಡಬ್ಬಿ. ರಸ್ತೆಗೆ ಇಳಿಸಬಾರದು ಅಂದಮೇಲೆ ಮಾರಲು ಬಿಡುವುದು ಯಾಕೆ? ಇನ್ನು ನಮ್ಮ ಸ್ವಂತ ಬೈಕು, ಕಾರುಗಳನ್ನೋ, 15 ವರ್ಷ ಆಗಿ ಮರುನೋಂದಣಿಗೆ ಹೋಗುವವರೆಗೆ ಯಾರೂ ಕರೆದು ಲೈಟು ತೋರಿಸು ಅನ್ನುವುದಿಲ್ಲ. ಪುರಸಭೆಯವರೋ ಆರ್‌ಟಿಒದವರೋ ವರ್ಷಕ್ಕೊಮ್ಮೆ ಊರಲ್ಲೇ ಒಂದು ಸಂಜೆ ಲೈಟ್ ತಪಾಸಣೆ ಇಟ್ಟು, ದಂಡ ಹಾಕದೆ ಬರೀ ಸ್ಕ್ರೂ ತಿರುಗಿಸಿ ಕಳಿಸಿದರೆ ಎಷ್ಟೋ ಜನ ಸಾಲಿನಲ್ಲಿ ನಿಲ್ಲುತ್ತಾರೆ.

"ಅದಿರು ಲಾರಿಯವರು ಡಿಪ್ ಮಾಡಲ್ಲ, ನಾವ್ಯಾಕೆ ಮಾಡ್ಬೇಕು?" ಅಂತ ನಮ್ಮಲ್ಲೇ ಒಬ್ಬ ಇನ್ನೂ ವಾದಿಸುತ್ತಾನೆ. ಅವನ ಸಿಟ್ಟು ನಮಗೂ ಇದೆ. ಆದರೆ ಎತ್ತರದ ಕ್ಯಾಬಿನ್‌ನಲ್ಲಿ ಕುಳಿತ ಲಾರಿಯವನಿಗೆ ನಮ್ಮ ಬೈಕಿನ ಲೈಟು ಅಷ್ಟಾಗಿ ಚುಚ್ಚುವುದಿಲ್ಲ. ಕಣ್ಣು ಕತ್ತಲಾಗುವುದು ನಮ್ಮ ಹಾಗೇ ಬೈಕಿನಲ್ಲಿ, ಸೈಕಲ್ಲಿನಲ್ಲಿ, ನಡೆದು ಬರುವವರಿಗೆ.

ಅಲ್ಲಿಯವರೆಗೆ ನಿಮ್ಮ ಮನೆಯ ಗೋಡೆಯೇ ಸಾಕು. ಕತ್ತಲಾದ ಮೇಲೆ ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ ಡಿಪ್ ಹಾಕಿ. ಹೆಡ್‌ಲೈಟಿನ ನಡುಮಧ್ಯ ಎಷ್ಟು ಎತ್ತರದಲ್ಲಿದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಕಾರಿನದಾದರೆ ಎಡಕ್ಕೆ ಸ್ವಲ್ಪ ಏರಿರುತ್ತದೆ, ಅದು ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲಿ ಅಂತ. ಹಿಂದೆ ಇಬ್ಬರು ಕೂತರೆ ಅಥವಾ ಗೊಬ್ಬರದ ಚೀಲ ಹಾಕಿದರೆ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ದಿನಾ ಜೊತೆಗೆ ಯಾರಾದರೂ ಕೂರುವುದಿದ್ದರೆ ಅವರನ್ನು ಕೂರಿಸಿಕೊಂಡೇ ನೋಡಿ.

ಉಜ್ಜಿ, ಲೇಪ ಹೊಡೆದು, ಹಳೆಯ ಬಲ್ಬನ್ನೇ ಹಾಕಿದ ಕಾರು ಈಗ ಚೆನ್ನಾಗಿದೆ. ಸಂಡೂರು ರಸ್ತೆಯಲ್ಲಿ ಆ ಟ್ರ್ಯಾಕ್ಟರ್ ಮಾಮ ಮತ್ತೆ ಸಿಕ್ಕಿದ್ದರು. ಈ ಸಲ ನಾವೇ ನಿಲ್ಲಿಸಿದೆವು. ಅವರ ಟ್ರಾಲಿಯ ಹಿಂದೆ ಲೈಟೂ ಇರಲಿಲ್ಲ, ಹೊಳೆಯುವ ಕೆಂಪು ಸ್ಟಿಕ್ಕರೂ ಇರಲಿಲ್ಲ. ಹೇಳಿದೆವು. "ಹೌದಲ್ಲೋ" ಅಂತ ನಕ್ಕರು. ಹೋದ ವಾರ ನೋಡಿದಾಗ ಇನ್ನೂ ಅಂಟಿಸಿರಲಿಲ್ಲ. ಎರಡು ಪಟ್ಟಿ ಸ್ಟಿಕ್ಕರ್ ತಂದು ಕಾರಿನಲ್ಲೇ ಇಟ್ಟುಕೊಂಡಿದ್ದೀವಿ.