ಪರವಾನಗಿಯೊಂದೇ ಸಾಲದು
ಆಂಗ್ ಮೋ ಕಿಯೋದ ಕನ್ನಡ ಕುಟುಂಬಗಳು ಮಕ್ಕಳೊಡನೆ ನೋಡಿಬರುವ ಏಷಿಯನ್ ಸಿವಿಲೈಸೇಷನ್ಸ್ ಮ್ಯೂಸಿಯಂನಲ್ಲಿ ಒಂಬತ್ತನೆಯ ಶತಮಾನದ ಚೀನೀ ಪಿಂಗಾಣಿಯ ರಾಶಿಯಿದೆ. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಪತ್ತೆಯಾದ ಹಡಗಿನ ಸರಕದು. ಪರವಾನಗಿ ಪಡೆದ ಕಂಪನಿಯೊಂದು ಮೇಲೆತ್ತಿ ಮಾರಿತು; ಸಿಂಗಪುರ ಕೊಂಡಿತು. ಪುರಾತತ್ವಜ್ಞರು ಆಕ್ಷೇಪಿಸಿದ್ದರಿಂದ ಅಮೆರಿಕದ ಸ್ಮಿತ್‌ಸೋನಿಯನ್ 2011ರಲ್ಲಿ ಅದರ ಪ್ರದರ್ಶನವನ್ನು ಕೈಬಿಟ್ಟಿತು.

ಪೆಡ್ರಾ ಬ್ರಾಂಕಾದಲ್ಲಿ ಸಿಂಗಪುರವೇ ಬೇರೆ ದಾರಿ ತುಳಿಯಿತು. 2015ರಲ್ಲಿ ಮುಳುಗುಗಾರರಿಗೆ ಆಕಸ್ಮಿಕವಾಗಿ ತಟ್ಟೆಗಳು ಕಂಡ ಬಳಿಕ ಅಲ್ಲಿ ಪುರಾತತ್ವಜ್ಞರೇ ಉತ್ಖನನ ನಡೆಸಿದರು. ಹದಿನಾಲ್ಕನೆಯ ಶತಮಾನದ ಹಡಗೊಂದರ ಜೊತೆಗೆ, ಚೀನಾದಿಂದ ಭಾರತಕ್ಕೆ ಹೊರಟು 1796ರಲ್ಲಿ ಮುಳುಗಿದ, ಭಾರತದಲ್ಲೇ ಕಟ್ಟಿದ ‘ಷಾ ಮುಂಚೆರ್’ ಕೂಡ ದೊರೆಯಿತು.

ಲೂಟಿಯಲ್ಲಿ ಕಳೆದುಹೋಗುವುದು ತಟ್ಟೆಯಷ್ಟೇ ಅಲ್ಲ, ಅದು ಎಲ್ಲಿ, ಯಾವುದರ ಪಕ್ಕದಲ್ಲಿತ್ತೆಂಬ ಸಾಕ್ಷ್ಯ. ಕೊಳ್ಳುವವರಿರುವ ತನಕ ಕಡಲಿಗಿಳಿಯುವ ಕಳ್ಳರೂ ಇರುತ್ತಾರೆ. ಆದ್ದರಿಂದ ಕಾವಲು ಸಮುದ್ರತಳದಲ್ಲಿ ಮಾತ್ರವಲ್ಲ, ಮ್ಯೂಸಿಯಂಗಳ ಖರೀದಿ ಕೋಣೆಯಲ್ಲೂ ಬೇಕು.