ಲಕ್ಷ ಮರಿಗೆ ಎಷ್ಟು ತಾಯಿ?

ಅಮೆರಿಕದ ಓರೆಗಾನ್ ರಾಜ್ಯದ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನಿದೆ. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೇ ಬರುವ ಜಾತಿ. ವಿಜ್ಞಾನಿಗಳು ಹೊಳೆಯಲ್ಲೇ ಬೆಳೆದ ಮೀನುಗಳ ಮರಿಗಳನ್ನೂ, ಒಂದೇ ಒಂದು ತಲೆಮಾರು ಮರಿಕೇಂದ್ರದಲ್ಲಿ ಬೆಳೆದ ಮೀನುಗಳ ಮರಿಗಳನ್ನೂ ಒಂದೇ ತೆರನಾದ ನೀರಿನಲ್ಲಿ ಸಾಕಿ, ಅವುಗಳ ವಂಶವಾಹಿಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ನೋಡಿದರು. 723 ವಂಶವಾಹಿಗಳ ಚಟುವಟಿಕೆಯಲ್ಲಿ ವ್ಯತ್ಯಾಸ ಸಿಕ್ಕಿತು. ಅವುಗಳಲ್ಲಿ ಅನೇಕವು ಗಾಯ ಮಾಯುವುದಕ್ಕೆ, ರೋಗ ತಡೆಯುವುದಕ್ಕೆ ಸಂಬಂಧಿಸಿದವು. ಗಿಜಿಗುಡುವ ತೊಟ್ಟಿಯಲ್ಲಿ ಒಂದಕ್ಕೊಂದು ತಾಗಿ, ಕಚ್ಚಾಡಿ ಬದುಕುವ ಮೀನಿಗೆ ಬೇಕಾಗುವ ಗುಣಗಳಿವು. ಈ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಅದೇ ನದಿಯ ಮೇಲೆ 2007ರಲ್ಲಿ ಬಂದ ಇನ್ನೊಂದು ಅಧ್ಯಯನದ ಲೆಕ್ಕ ಇನ್ನೂ ಕಟುವಾದದ್ದು. ಸಾಕಣೆಯಲ್ಲಿ ಕಳೆದ ಪ್ರತಿ ತಲೆಮಾರಿಗೆ, ಹೊಳೆಯಲ್ಲಿ ವಂಶ ಬೆಳೆಸುವ ಸಾಮರ್ಥ್ಯ ಸುಮಾರು ಶೇ 40ರಷ್ಟು ಕುಸಿಯುತ್ತದೆ.

ಅಲ್ಲಿ ಯಾರೂ ಹೊಸ ತಳಿ ಮಾಡಲು ಹೊರಟಿರಲಿಲ್ಲ. ಹೊಳೆಯಲ್ಲಿ ಮೀನು ಕಡಿಮೆಯಾಯಿತಲ್ಲ ಎಂದು ಮರಿ ಬೆಳೆಸಿ ಬಿಡುತ್ತಿದ್ದರು, ಅಷ್ಟೆ. ಆರಿಸುವ ಕೆಲಸವನ್ನು ತೊಟ್ಟಿಯೇ ಮಾಡಿಬಿಟ್ಟಿತು.

ಮೀನು ಇಷ್ಟು ಬೇಗ ಬದಲಾಗುವುದಕ್ಕೆ ಕಾರಣ ಅದರ ಮೊಟ್ಟೆಯ ಲೆಕ್ಕದಲ್ಲಿದೆ. ಹಸು ವರ್ಷಕ್ಕೊಂದು ಕರು ಹಾಕುತ್ತದೆ. ಕಿಲೋ ತೂಗುವ ರೋಹು ಒಂದು ಸಲಕ್ಕೆ ಎರಡು ಲಕ್ಷದಷ್ಟು ಮೊಟ್ಟೆಯಿಡುತ್ತದೆ. ಹೊಳೆಯಲ್ಲಿ ಅವುಗಳಲ್ಲಿ ಬೆರಳೆಣಿಕೆಯವು ಉಳಿದರೆ ಹೆಚ್ಚು. ನೆರಳು ಬಿದ್ದರೆ ಸಾಕು, ಕಲ್ಲಿನ ಸಂದಿ ಸೇರುವ ಅಂಜುಬುರುಕ ಮರಿ ಅಲ್ಲಿ ಗೆಲ್ಲುತ್ತದೆ. ತೊಟ್ಟಿಯಲ್ಲಿ ಮಿಂಚುಳ್ಳಿಯಿಲ್ಲ, ನೀರುನಾಯಿಯಿಲ್ಲ. ಹೊತ್ತಿಗೆ ಸರಿಯಾಗಿ ಮೇಲಿನಿಂದ ಆಹಾರ ಬೀಳುತ್ತದೆ. ಅಂಜಿ ಅಡಗಿದ್ದು ಹಸಿದಿರುತ್ತದೆ, ಮುನ್ನುಗ್ಗಿದ್ದು ಬೆಳೆಯುತ್ತದೆ. ಹೊಳೆಯಲ್ಲಿ ಜೀವ ಉಳಿಸಿದ ಗುಣವೇ ತೊಟ್ಟಿಯಲ್ಲಿ ಹೊರೆ. ಲಕ್ಷಗಟ್ಟಲೆ ಮರಿಗಳ ಮೇಲೆ ಈ ಸೋಸುವಿಕೆ ನಡೆದಾಗ ಒಂದೆರಡು ತಲೆಮಾರಿನಲ್ಲೇ ಮೀನಿನ ಸ್ವಭಾವ ತಿರುಗಿಬಿಡುತ್ತದೆ.

ಬೇಕೆಂದೇ ಆರಿಸಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಾರ್ವೆಯ ಸಾಲ್ಮನ್ ಸಾಕ್ಷಿ. 1970ರಲ್ಲಿ ಹಿತ್ರಾ ದ್ವೀಪದ ಸಹೋದರರಿಬ್ಬರು ಸಾಲ್ಮನ್ ಮರಿಗಳನ್ನು ಕಡಲಿನಲ್ಲಿ ತೇಲುವ ಬಲೆಪಂಜರಕ್ಕೆ ಬಿಟ್ಟರು. ಅದರ ಬೆನ್ನಿಗೇ ತಳಿವಿಜ್ಞಾನಿಗಳಾದ ಹರಾಲ್ಡ್ ಶೆರ್ವೋಲ್ಡ್ ಮತ್ತು ಟ್ರಿಗ್ವೆ ಯೆದ್ರೆಮ್ ಸುಮಾರು 40 ನದಿಗಳಿಂದ ಮೀನು ತಂದು ತಳಿ ಅಭಿವೃದ್ಧಿ ಆರಂಭಿಸಿದರು. ಶೆರ್ವೋಲ್ಡ್ ಮೂಲತಃ ಹಸುವಿನ ತಳಿಯಲ್ಲಿ ಕೆಲಸ ಮಾಡಿದವರು. ಯಾವ ಹೋರಿಯ ಮಗಳು ಎಷ್ಟು ಹಾಲು ಕೊಟ್ಟಳು ಎಂದು ಬರೆದಿಡುವ ಶಿಸ್ತನ್ನೇ ಅವರು ಮೀನಿಗೂ ತಂದರು. ಪ್ರತಿ ಕುಟುಂಬದ ಮರಿಗಳನ್ನು ಬೇರೆ ಬೇರೆ ಬೆಳೆಸಿ, ಗುರುತು ಹಾಕಿ, ತೂಗಿ ಆರಿಸಿದರು. ತಲೆಮಾರಿಗೆ ಶೇ 10ಕ್ಕೂ ಹೆಚ್ಚು ಬೆಳವಣಿಗೆ ಏರಿತು. ಇಂದು ಸಾಕಣೆಯ ಸಾಲ್ಮನ್ನನ್ನೂ ಕಾಡು ಸಾಲ್ಮನ್ನನ್ನೂ ಒಂದೇ ತೊಟ್ಟಿಯಲ್ಲಿ ಒಂದೇ ಆಹಾರಕ್ಕೆ ಬಿಟ್ಟರೆ ಸಾಕಣೆಯದು ಎರಡು ಮೂರು ಪಟ್ಟು ತೂಗುತ್ತದೆ.

ಜೊತೆಗೆ ಬೇಡದ್ದೂ ಬಂತು. ಏಳು ತಲೆಮಾರು ಸಾಕಣೆಯಲ್ಲಿ ಕಳೆದ ಸಾಲ್ಮನ್ ಮೇಲೆ ಶತ್ರು ಎರಗಿದಂತೆ ಮಾಡಿ ಅದರ ಹೃದಯದ ಬಡಿತವನ್ನು ಅಳೆದಾಗ, ಕಾಡು ಮೀನಿಗಿದ್ದಷ್ಟು ತಲ್ಲಣ ಅದಕ್ಕಿರಲಿಲ್ಲ. ಬಿರುಗಾಳಿಗೆ ಬಲೆ ಹರಿದು ಇಂಥ ಮೀನುಗಳು ಹೊಳೆ ಸೇರುತ್ತವೆ, ಕಾಡು ಮೀನಿನೊಂದಿಗೆ ಕೂಡುತ್ತವೆ. ಪರೀಕ್ಷಿಸಿದ ನಾರ್ವೆಯ ಸಾಲ್ಮನ್ ನದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಸಾಕಣೆಯ ಮೀನಿನ ವಂಶವಾಹಿ ಬೆರೆತಿರುವುದು ಗೊತ್ತಾಗಿದೆ. ಐರ್ಲೆಂಡಿನ ಬರಿಶೂಲ್ ಹೊಳೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗೆ ಲೆಕ್ಕ ಹಿಡಿದು ನೋಡಿದರೆ, ಸಾಕಣೆಯ ಸಾಲ್ಮನ್ ಜೀವಮಾನದಲ್ಲಿ ಗಳಿಸಿದ ಯಶಸ್ಸು ಕಾಡು ಸಾಲ್ಮನ್‌ನ ಶೇ 2ರಷ್ಟು ಮಾತ್ರ. ಅಂಥ ರಕ್ತ ಬೆರೆತಷ್ಟೂ ಹೊಳೆ ಸೊರಗುತ್ತದೆ.

ಮೀನು ಪಳಗಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಡಲು ಬರಿದಾಗುತ್ತಿರುವ ಕಾಲದಲ್ಲಿ ಸಾಕಿದ ಮೀನು ಬಡವರ ತಟ್ಟೆಗೂ ಬೇಕು. ಆದರೆ ಲೆಕ್ಕವಿಟ್ಟು ಪಳಗಿಸುವುದಕ್ಕೂ ಲೆಕ್ಕವಿಲ್ಲದೆ ಪಳಗಿಸುವುದಕ್ಕೂ ಅಜಗಜಾಂತರವಿದೆ. ನಮ್ಮ ಕರ್ನಾಟಕ ರಾಜ್ಯ ಬಹುಕಾಲ ಎರಡನೆಯ ದಾರಿಯಲ್ಲೇ ನಡೆದಿದೆ.

1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯವರೆಗೆ ಇಂಥ ಗೆಂಡೆ ಮರಿ ಬೇಕೆಂದರೆ ಹೆಚ್ಚಾಗಿ ನೆರೆ ಬಂದ ಹೊಳೆಗೇ ಹೋಗಿ ಬಲೆ ಒಡ್ಡಬೇಕಿತ್ತು. ದೇಶದ ಮೀನು ಕೃಷಿಯನ್ನೇ ಎತ್ತಿ ನಿಲ್ಲಿಸಿದ ದಿನ ಅದು, ಅನುಮಾನವಿಲ್ಲ. ಕೆರೆಯ ಮೀನಿಗೂ ಹೊಳೆಗೂ ಇದ್ದ ನಂಟು ಸಡಿಲವಾಗತೊಡಗಿದ್ದೂ ಆ ದಿನದಿಂದಲೇ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಗಳು ಉತ್ತರದ ನದಿಗಳಿಂದ ನಮ್ಮಲ್ಲಿಗೆ ಬಂದವು. ನಮ್ಮ ಕೆರೆಗಳ ಮಟ್ಟಿಗಂತೂ ಮರಿಕೇಂದ್ರವೇ ಅವುಗಳ ತವರು.

ಮುಂಗಾರು ಹಿಡಿದ ಮೇಲೆ ಯಾವುದಾದರೂ ಮರಿಕೇಂದ್ರದ ಕೊಳದ ದಂಡೆಯಲ್ಲಿ ನಿಂತು ನೋಡಿ. ಬಲೆ ಎಳೆಯುತ್ತಾರೆ. ಒದ್ದಾಡುವ ಮೀನನ್ನು ಒಬ್ಬಾತ ಎತ್ತಿ ಹಿಡಿದು ಹೊಟ್ಟೆ ಸವರುತ್ತಾನೆ. ಉಬ್ಬಿ ಮೆತ್ತಗಿದ್ದರೆ ಹೆಣ್ಣು ತಯಾರು. ಎದೆಯ ಈಜುರೆಕ್ಕೆ ಒರಟಾಗಿ, ಹೊಟ್ಟೆ ಮೆಲ್ಲಗೆ ಒತ್ತಿದಾಗ ಹಾಲಿನಂಥ ದ್ರವ ಜಿನುಗಿದರೆ ಗಂಡು ತಯಾರು. ತಯಾರಾದವಕ್ಕೆ ಹಾರ್ಮೋನ್ ಚುಚ್ಚಿ ದುಂಡು ತೊಟ್ಟಿಗೆ ಬಿಡುತ್ತಾರೆ. ಬೆಳಗಾಗುವುದರೊಳಗೆ ಲಕ್ಷಗಟ್ಟಲೆ ಮೊಟ್ಟೆ. ಆ ವರ್ಷದ ಗುರಿ ಮುಟ್ಟಿತೆಂದರೆ ಉಳಿದ ತಳಿಮೀನುಗಳ ಗೋಜಿಗೆ ಯಾರು ಹೋಗುತ್ತಾರೆ? ಹಾಗಾಗಿ ಎಲ್ಲಕ್ಕಿಂತ ಮೊದಲು ಬೆದೆಗೆ ಬಂದವುಗಳ ಸಂತಾನವೇ ಇಡೀ ತಾಲ್ಲೂಕಿನ ಕೆರೆಗಳಿಗೆ ಹೋಗುತ್ತದೆ. ಮುಂದಿನ ತಲೆಮಾರಿನ ತಳಿಮೀನೂ ಆ ಮರಿಗಳಿಂದಲೇ. ಅದರಲ್ಲೂ ದಪ್ಪ ಮೀನಿಗೆ ಒಳ್ಳೆಯ ಬೆಲೆ ಬಂದರೆ ಮಾರಿ, ಮಿಕ್ಕ ಸಣ್ಣವನ್ನು ತಳಿಗೆ ಇಟ್ಟುಕೊಂಡರೆ ಮುಗಿಯಿತು. ಕೊಯ್ಲಿನಲ್ಲಿ ಗಟ್ಟಿ ಕಾಳನ್ನೆಲ್ಲ ಮಾರಿ ಜೊಳ್ಳನ್ನು ಬಿತ್ತನೆಗೆ ಎತ್ತಿಟ್ಟಂತೆ. ಜಾಗ ಸಾಲದೆ ಕಾಟ್ಲಾ, ರೋಹುಗಳನ್ನು ಒಂದೇ ತೊಟ್ಟಿಗೆ ಬಿಟ್ಟು ಬೆರಕೆ ಮರಿಯಾಗುವುದೂ ಉಂಟು.

ಇದನ್ನು ಲೆಕ್ಕ ಹಾಕಿ ತೋರಿಸಿದ್ದೂ ನಮ್ಮ ರಾಜ್ಯದಲ್ಲೇ. ತಳಿವಿಜ್ಞಾನಿಗಳಾದ ಅಂಬೇಕರ್ ಏಕನಾಥ್ ಮತ್ತು ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ರೋಜರ್ ಡಾಯ್ಲ್ ಕರ್ನಾಟಕದ ಮರಿಕೇಂದ್ರಗಳ ತಳಿಮೀನು ನಿರ್ವಹಣೆಯನ್ನು ಅಧ್ಯಯನ ಮಾಡಿದರು. 1990ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ ಒಳಸಂಕರ, ಅಂದರೆ ರಕ್ತಸಂಬಂಧಿಗಳೇ ಕೂಡಿ ಮರಿ ಮಾಡುವುದರ ಪರಿಣಾಮ, ವರ್ಷಕ್ಕೆ ಶೇ 2ರಿಂದ 17ರ ದರದಲ್ಲಿ ಏರುತ್ತಿತ್ತು. ಅಣ್ಣ ತಂಗಿ ಕೂಡಿದರೆ ಮರಿಯಲ್ಲಿ ಈ ಪ್ರಮಾಣ ಶೇ 25. ಕೆಲವು ಕೇಂದ್ರಗಳು ಎರಡೇ ವರ್ಷದಲ್ಲಿ ಅದನ್ನು ಮುಟ್ಟುವ ವೇಗದಲ್ಲಿದ್ದವು ಎಂದಾಯಿತು. ಒಳಸಂಕರ ಹೆಚ್ಚಿದ ಮೀನು ಸರಿಯಾಗಿ ಬೆಳೆಯುವುದಿಲ್ಲ, ಬೇಗ ಸಾಯುತ್ತದೆ, ಅಂಗವಿಕಲ ಮರಿಗಳು ಹೆಚ್ಚುತ್ತವೆ. ರೈತ ನೀರನ್ನು ದೂರುತ್ತಾನೆ, ಹಿಂಡಿ-ತೌಡನ್ನು ದೂರುತ್ತಾನೆ. ಮರಿಯ ಹುಟ್ಟಿನ ಬಗ್ಗೆ ಅವನಿಗೆ ಹೇಳಿದವರಿಲ್ಲ.

ಸಾಮಾನ್ಯ ಗೆಂಡೆಯಲ್ಲೂ ಇದೇ ಪಾಡು. ಅಂಗೈಯಗಲ ಇರುವಾಗಲೇ ಬೆದೆಗೆ ಬಂದು, ಕೆರೆಯಲ್ಲೇ ಮೊಟ್ಟೆಯಿಟ್ಟು, ಬೆಳೆಯುವುದನ್ನೇ ನಿಲ್ಲಿಸುತ್ತದೆ ಎಂಬುದು ಮೀನು ಸಾಕುವವರ ಹಳೆಯ ದೂರು. ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜೊತೆಗೂಡಿ ಬೇರೆ ದೇಶಗಳ ತಳಿಗಳನ್ನು ತರಿಸಿ, ಸ್ಥಳೀಯ ತಳಿಯ ಪಕ್ಕದಲ್ಲಿಟ್ಟು ಬೆಳೆಸಿ ನೋಡಿತು. ಹಂಗೇರಿಯಿಂದ ಬಂದ ಅಮುರ್ ತಳಿ ತಡವಾಗಿ ಬೆದೆಗೆ ಬರುತ್ತದೆ, ಚೆನ್ನಾಗಿ ತೂಗುತ್ತದೆ ಎಂದು ಗೊತ್ತಾದದ್ದು ಹಾಗೆ. ರೋಹುವಿನಲ್ಲಿ ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಶೋಧನಾ ಸಂಸ್ಥೆ ಸಿಫಾ 1992ರಲ್ಲಿ ನಾರ್ವೆಯವರ ನೆರವಿನಿಂದಲೇ ಕೆಲಸ ಶುರು ಮಾಡಿತು. ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿ ನದಿಗಳ ರೋಹುವನ್ನು ಸಾಕಣೆಯ ರೋಹುವಿನೊಂದಿಗೆ ಕೂಡಿಸಿ, ಕುಟುಂಬವಾರು ಲೆಕ್ಕವಿಟ್ಟು ಆರಿಸಿತು. ಸ್ವಾತಂತ್ರ್ಯದ ಸುವರ್ಣ ವರ್ಷದಲ್ಲಿ ಹೊರಬಂದ ಆ ತಳಿಯ ಹೆಸರು ಜಯಂತಿ. ತಲೆಮಾರಿಗೆ ಸುಮಾರು ಶೇ 17ರ ಬೆಳವಣಿಗೆಯ ಗಳಿಕೆ ಅದರಲ್ಲಿ ದಾಖಲಾಗಿದೆ.

ಇಷ್ಟು ದುಡಿದು ಮಾಡಿದ ತಳಿ ಕೈಗೆ ಬಂದ ಮೇಲೂ, ನಾಲ್ಕು ಜೋಡಿ ತಂದು ಅವುಗಳ ಮರಿಮೊಮ್ಮಕ್ಕಳಿಂದಲೇ ವರ್ಷಗಟ್ಟಲೆ ಮೊಟ್ಟೆಯಿಡಿಸಿದರೆ ಜಯಂತಿಯೂ ಅಷ್ಟೇ, ಅಮುರ್ ಕೂಡ ಅಷ್ಟೇ. ಹೆಸರು ಮಾತ್ರ ಉಳಿಯುತ್ತದೆ.

ಹೊಳೆಗೆ ಮರಿ ಬಿಡುವ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕಾವೇರಿಯ ದಿಬ್ಬಬೆನ್ನಿನ ಮಹಶೀರ್ ಬೇರೆಲ್ಲೂ ಇಲ್ಲದ ಮೀನು. ಸಂರಕ್ಷಣೆಯ ಹೆಸರಿನಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಇನ್ನೊಂದು ಜಾತಿಯ, ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಗಾಳಕ್ಕೆ ಬೀಳುವ ಮೀನುಗಳ ದಾಖಲೆ ನೋಡಿದರೆ ಹೊರಗಿನದು ಹೆಚ್ಚುತ್ತಾ ಬಂತು, ನಮ್ಮದು ಕಣ್ಮರೆಯಾಗುತ್ತಾ ಬಂತು. 2018ರಲ್ಲಿ ಅದು ಅಳಿವಿನ ಅತ್ಯಂತ ಅಪಾಯದ ಪಟ್ಟಿ ಸೇರಿತು. ಮರಿಗಳ ಸಂಖ್ಯೆಯನ್ನಷ್ಟೇ ನೋಡಿ ಖುಷಿಪಡುವ ಅಭ್ಯಾಸಕ್ಕೆ ಕಾವೇರಿ ತೆತ್ತ ಬೆಲೆ ಇದು. ಇದನ್ನು ಬರೆಯುವಾಗಲೂ ಮನಸ್ಸು ಕಹಿಯಾಗುತ್ತದೆ.

ಮೀನುಗಾರಿಕೆ ಇಲಾಖೆ ಇಂದಿಗೂ ಮೊದಲು ಹೇಳುವ ಲೆಕ್ಕ ಎಷ್ಟು ಕೋಟಿ ಮರಿ ಎಂಬುದು. ಮರಿಕೇಂದ್ರದ ನೌಕರರನ್ನು ದೂರಿ ಫಲವಿಲ್ಲ, ಅವರಿಗೆ ಕೊಟ್ಟ ಗುರಿಯೇ ಅದು. ಮುಂದಿನ ಮುಂಗಾರಿಗೆ ಮೊದಲು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಮರಿಕೇಂದ್ರದಲ್ಲೂ ಒಂದು ತಳಿ ಪುಸ್ತಕ ಕಡ್ಡಾಯವಾಗಲಿ. ತಳಿಮೀನು ಎಲ್ಲಿಂದ, ಯಾವ ವರ್ಷ ಬಂತು, ಈ ಹಂಗಾಮಿನಲ್ಲಿ ಎಷ್ಟು ಹೆಣ್ಣು ಎಷ್ಟು ಗಂಡಿಗೆ ಚುಚ್ಚುಮದ್ದು ಹಾಕಿದರು, ಅವುಗಳ ಮರಿ ಯಾವ ಕೆರೆಗೆ ಹೋಯಿತು ಎಂಬುದು ಅದರಲ್ಲಿರಲಿ. ಕೆಲವು ವರ್ಷಕ್ಕೊಮ್ಮೆ ಒಂದು ಕೇಂದ್ರದ ಗಂಡು ಮೀನುಗಳು ಇನ್ನೊಂದು ಕೇಂದ್ರಕ್ಕೆ ಹೋಗಲಿ, ಹಂಗಾಮಿನ ಮೊದಲ ವಾರದ ಮರಿಯಿಂದ ಮಾತ್ರವಲ್ಲದೆ ನಡುವಿನ, ಕೊನೆಯ ವಾರದ ಮರಿಗಳಿಂದಲೂ ಮುಂದಿನ ತಳಿಮೀನು ತೆಗೆದಿಡಲಿ. ಇದಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಮರಿ ಕೊಳ್ಳಲು ಬಂದ ರೈತ ಆ ಪುಸ್ತಕವನ್ನು ಕೇಳಿ ನೋಡುವ ಹಕ್ಕು ಪಡೆಯಲಿ, ಮತ್ತು ಹೊಳೆಗೆ ಬಿಡುವ ಮರಿಯ ತಾಯಿ ಅದೇ ಹೊಳೆಯದೆಂದು ಬರೆದಿರದಿದ್ದರೆ ಆ ಮರಿಯನ್ನು ನೀರಿಗೆ ಬಿಡಲು ಅನುಮತಿ ಕೊಡದಿರಲಿ.