ತಿಪ್ಪಿ ಅಂದ್ರ ಡಸ್ಟ್‌ಬಿನ್ ಅಲ್ಲ 🍅

(ಹಿತ್ತಲ ಸರಣಿ, ಭಾಗ 3)

ನೇರ ಹೇಳ್ತೀನಿ. "ಗೊಬ್ಬರ ಸರಿ ಇಲ್ಲ, ಅದಕ್ಕ ಮನ್ಯಾಗ ಟಮಾಟಿ ಹಚ್ಚೂದು ಬಿಟ್ವಿ" ಅನ್ನೋ ಮಾತು ನಾ ಒಪ್ಪಂಗಿಲ್ಲ. ಟಮಾಟಿ ಬಿಡಬ್ಯಾಡ್ರಿ. ಗೊಬ್ಬರಾನ ಕಣ್ಮುಚ್ಚಿ ನಂಬೋದು ಬಿಡ್ರಿ.

2023ರ ಜುಲೈ ನೆನಪೈತಲ್ಲ? ಟಮಾಟಿ ಕೆಜಿಗೆ 100 ರೂಪಾಯಿ ದಾಟಿತ್ತು. ಹಿತ್ತಲದಾಗ ನಾಕು ಗಿಡ ಇದ್ದವ್ರು ಆರಾಮಿದ್ರು.

ಕುರ್ತಕೋಟಿಯಂಥ ಊರಾಗ ತಿಪ್ಪಿಗೇನ್ ಬರ ಇಲ್ಲ. ಆದ್ರ ಕೆದರಿ ನೋಡ್ರಿ: ಶಾಂಪೂ ಪಾಕೀಟು, ಗುಟ್ಕಾ ಚೀಟಿ, ಒಡೆದ ಬಳಿ, ರಿಮೋಟಿನ ಸೆಲ್. ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದ್ದು 2016ರಾಗ. ತಿಪ್ಪಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇದು ಕಣ್ಣಿಗೆ ಕಾಣೋ ಹೊಲಸು. ಕಾಣದ ಹೊಲಸೂ ಇರ್ತೈತಿ. 2008ರಲ್ಲಿ ಬ್ರಿಟನ್‌ನ ಮನೆತೋಟಗಳಲ್ಲಿ ಟಮಾಟಿ, ಬೀನ್ಸ್ ಗಿಡಗಳ ಎಲೆ ತಿರುಚಿಕೊಂಡವು. ಕಾರಣ ರೋಗ ಅಲ್ಲ, ಗೊಬ್ಬರ. ಹುಲ್ಲಿಗೆ ಹೊಡೆದ ಅಮಿನೋಪೈರಾಲಿಡ್ ಅನ್ನೋ ಕಳೆನಾಶಕ ದನದ ಹೊಟ್ಟೆ ದಾಟಿ ಸಗಣಿಗೆ ಬಂದು, ಗೊಬ್ಬರ ಆದ ಮೇಲೂ ಉಳಿದಿತ್ತು. ನಮ್ಮ ಕಡೆ ಹೊಡೆಯೋ ಎಲ್ಲಾ ಕಸದ ಎಣ್ಣಿ ಅಷ್ಟು ದಿನ ಉಳಿಯಂಗಿಲ್ಲ, ಖರೇ. ಆದ್ರ ಮೇವು ಎಲ್ಲಿಂದ ಬಂತು, ಅದಕ್ಕ ಏನ್ ಹೊಡೆದಿದ್ರು ಅಂತ ನಾವ್ ಯಾರರ ಕೇಳ್ತೀವೇನು? ಚೀಲದ ಮ್ಯಾಲೆ 'ಆರ್ಗ್ಯಾನಿಕ್' ಅಂತ ಬರೆದಿದ್ರೂ ಈ ಪ್ರಶ್ನೆ ಕೇಳಬೇಕು.

ಪರೀಕ್ಷೆಗೆ ಲ್ಯಾಬ್ ಬ್ಯಾಡ. ಹಿಡಿ ಹೆಸರುಕಾಳು ಸಾಕು 👇

1. ಒಂದು ಡಬ್ಬಿಗೆ ಅರ್ಧ ಗೊಬ್ಬರ, ಅರ್ಧ ಮಣ್ಣು. ಇನ್ನೊಂದಕ್ಕೆ ಬರೀ ಮಣ್ಣು. ತಳಕ್ಕೆ ತೂತು ಇರಲಿ.
2. ಎರಡಕ್ಕೂ ಐದೈದು ಕಾಳು ಊರ್ರಿ. ನೀರು, ಬಿಸಿಲು ಎರಡಕ್ಕೂ ಒಂದೇ ಸಮ.
3. ಮೂರು ವಾರ ಕಾಯ್ರಿ. ಗೊಬ್ಬರದ ಡಬ್ಬ್ಯಾಗ ಮಾತ್ರ ಎಲಿ ಬಟ್ಟಲಿನಂಗ ಮಡಚಿದ್ರ, ತಿರುಚಿದ್ರ, ಆ ಗೊಬ್ಬರ ಟಮಾಟಿಗೆ ಬ್ಯಾಡ.

ಹೆಸರು ಚಲೋ ಬಂದು, ಮುಂದ ಟಮಾಟಿ ಎಲಿ ಮುದುಡಿದ್ರ ಬಿಳಿ ನೊಣ ತರೋ ಮುಟುರು ರೋಗ ಇರಬಹುದು. ಹತ್ರದ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಾಗ ತೋರ್ಸಿ ಕೇಳ್ರಿ.

ಗೊಬ್ಬರ ಫೇಲ್ ಆದ್ರೂ ಟಮಾಟಿ ನಿಲ್ಲಬೇಕಿಲ್ಲ. ತೂತು ಹಾಕಿದ ಹಳೇ ಬಕೆಟ್‌ನಾಗ ಕಾಯಿಪಲ್ಲೆ ಸಿಪ್ಪಿ, ಒಣ ಎಲಿ, ಸ್ವಲ್ಪ ಮಣ್ಣು ಪದರ ಪದರ ಹಾಕ್ರಿ. ಎರಡು-ಮೂರು ತಿಂಗಳಿಗೆ ನಿಮ್ಮದೇ ಗೊಬ್ಬರ. ಅದ್ರಾಗ ಏನ್ ಬಿದ್ದೈತಿ ಅಂತ ನಿಮಗ ಪೂರ್ತಿ ಗೊತ್ತಿರ್ತೈತಿ. ಬಿಕಾಂನವರ ಭಾಷೆಯಾಗ ಹೇಳಬೇಕಂದ್ರ, ಎಂಟ್ರಿ ಸರಿ ಇದ್ರ ಬ್ಯಾಲೆನ್ಸ್ ತಾನಾಗೇ ಟ್ಯಾಲಿ ಆಗ್ತದ.

ಕಡೀ ಮಾತು. ತಿಪ್ಪಿಗೆ ಪಾಕೀಟು ಒಗೆಯೋರು ಹೆಚ್ಚಾಗಿ ನಮ್ಮ ವಯಸ್ಸಿನವ್ರು. ಅದೇ ತಿಪ್ಪ್ಯಾಗ ಬರಿಗೈ ಹಾಕೋರು ಅವ್ವ, ಅಜ್ಜಿ. ಬಳಿ ಚೂರು ಚುಚ್ಚೋದು ಅವರ ಕೈಗೆ. ಇವತ್ತ ತಿಪ್ಪಿ ಬಾಜೂಕ ಪ್ಲಾಸ್ಟಿಕ್ಕಿಗೆ ಅಂತ ಒಂದು ಬ್ಯಾರೆ ಚೀಲ ಕಟ್ರಿ. ಖರ್ಚು ಸೊನ್ನೆ.

ಹೆಸರಿನ ಎರಡೂ ಡಬ್ಬಿ ಫೋಟೊ ಮೂರು ವಾರಕ್ಕ ಟ್ಯಾಗ್ ಮಾಡ್ರಿ. ಚಲೋ ಬಂದಿದ್ದೂ ಹಾಕ್ರಿ, ಮುದುಡಿದ್ದೂ ಹಾಕ್ರಿ 🌱

#ಹಿತ್ತಲಸರಣಿ #ಕುರ್ತಕೋಟಿ #ನಮ್ಮಗದಗ #ಮನೆಟಮಾಟಿ